ಉಕ್ರೇನ್‌ನ ಕಸೂತಿ ಅಂಗಿ: ಅದರ ಬಟ್ಟೆ, ಅದರ ಸೀಮೆ, ಅದರ ಹಿಂದಿನ ಕಥೆ

2022ರ ಫೆಬ್ರವರಿಯ ತನಕ ನಮ್ಮಲ್ಲಿ ಬಹಳ ಮಂದಿಗೆ ಉಕ್ರೇನ್ ಅಂದರೆ ಮಕ್ಕಳು ಎಂಬಿಬಿಎಸ್ ಓದಲು ಹೋಗುವ ದೇಶ, ಅಷ್ಟೇ. ಆ ತಿಂಗಳ 24ರಂದು ರಷ್ಯಾ ದೊಡ್ಡ ಮಟ್ಟದ ದಾಳಿ ಶುರು ಮಾಡಿತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಪ್ರಾಣ ಕಳೆದುಕೊಂಡ. ಅಲ್ಲಿಂದಾಚೆ ಆ ದೇಶದ ಸುದ್ದಿ ಕರ್ನಾಟಕದ ಮನೆಗಳ ಸುದ್ದಿಯೂ ಆಯಿತು.

ಆ ಸುದ್ದಿಗಳ ಜೊತೆಗೇ ಒಂದು ಅಂಗಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬಿಳಿ ಬಟ್ಟೆ. ಕತ್ತು, ಎದೆ, ತೋಳಿನ ಮೇಲೆ ಕೆಂಪು-ಕಪ್ಪು ಕಸೂತಿ. ನಾಯಕರು ಹಾಕುತ್ತಾರೆ, ಹಾಡುಗಾರರು ಹಾಕುತ್ತಾರೆ, ಬೇರೆ ದೇಶದ ಬೀದಿಗಳಲ್ಲಿ ಬಾವುಟ ಹಿಡಿದು ನಿಂತವರೂ ಹಾಕುತ್ತಾರೆ. ಇದು ಯಾವ ಅಂಗಿ? ಉಕ್ರೇನ್‌ನ ಎಲ್ಲ ಹಳ್ಳಿಗಳಲ್ಲೂ ಹಿಂದಿನಿಂದ ಹೀಗೇ ಇತ್ತಾ? ಒಂದು ಉಡುಪಿಗೆ ಇಷ್ಟು ಬೆಲೆ ಯಾಕೆ ಬಂತು? ಒಂದೊಂದಾಗಿ ನೋಡೋಣ.

ಎಲ್ಲದಕ್ಕೂ ಮೂಲ ಅಂಗಿ

ಈ ಅಂಗಿಯನ್ನು ಈಗ ಎಲ್ಲರೂ ವಿಶಿವಾಂಕಾ ಎನ್ನುತ್ತಾರೆ. ಕಸೂತಿ ಹಾಕಿದ ಅಂಗಿ ಎಂದು ಅರ್ಥ. ಹಳ್ಳಿಯವರು ಸುಮ್ನೆ ಸೊರೊಚ್ಕಾ, ಅಂದರೆ ಅಂಗಿ, ಎನ್ನುತ್ತಿದ್ದರು.

ಹಳೆಯ ಉಕ್ರೇನಿನ ಹಳ್ಳಿಯಲ್ಲಿ ಇದು ಒಳ ಉಡುಪೂ ಹೌದು, ಹೊರ ಉಡುಪೂ ಹೌದು. ಚಿಕ್ಕ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಬರೀ ಉದ್ದನೆಯ ಅಂಗಿ ಹಾಕಿ ಸೊಂಟಕ್ಕೆ ಒಂದು ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು. ಬೆಳೆದ ಮೇಲೆ ಅದರ ಮೇಲೆ ಉಳಿದವೆಲ್ಲ ಒಂದೊಂದಾಗಿ ಸೇರುತ್ತಿದ್ದವು. ಹೆಂಗಸರ ಅಂಗಿ ಮೊಣಕಾಲು ದಾಟಿ ಕೆಳಗೆ ಇಳಿಯುತ್ತಿತ್ತು.

ಹೊಲಿಗೆಯಲ್ಲಿ ಒಂದು ಜಾಣತನ ಇದೆ. ಮಗ್ಗದಿಂದ ಇಳಿದ ಬಟ್ಟೆಯನ್ನು ದುಂಡಗೆ ಕತ್ತರಿಸುತ್ತಿರಲಿಲ್ಲ. ಚೌಕ, ಆಯತದ ತುಂಡುಗಳನ್ನೇ ಜೋಡಿಸಿ ಅಂಗಿ ಮಾಡುತ್ತಿದ್ದರು. ಹಾಗಾಗಿ ಒಂದು ಚೂರೂ ವ್ಯರ್ಥವಾಗುತ್ತಿರಲಿಲ್ಲ. ಹೆಗಲ ಮೇಲೆ ಮುಂದಿನ ಮತ್ತು ಹಿಂದಿನ ತುಂಡುಗಳನ್ನು ಸೇರಿಸಲು ಇನ್ನೊಂದು ಆಯತದ ತುಂಡು. ಹೆಂಗಸರ ಅಂಗಿಯಲ್ಲಿ ಅತಿ ಚೆಂದದ ಕಸೂತಿ ಬೀಳುತ್ತಿದ್ದದ್ದು ಇಲ್ಲೇ. ಮೇಲ್ಭಾಗಕ್ಕೆ ನಯವಾದ ಬಟ್ಟೆ, ಅಂಚು ಬಿಟ್ಟರೆ ಹೊರಗೆ ಕಾಣದ ಕೆಳಭಾಗಕ್ಕೆ ಒರಟು ಬಟ್ಟೆ. ಕೆಳಭಾಗ ಸವೆದರೆ ಅದನ್ನು ಬಿಚ್ಚಿ ಬೇರೆ ಬಟ್ಟೆ ಕೂಡಿಸುತ್ತಿದ್ದರು. ತಿಂಗಳುಗಟ್ಟಲೆ ಕೂತು ಹಾಕಿದ ಕಸೂತಿ ಹಾಗೇ ಉಳಿಯುತ್ತಿತ್ತು.

ಕಸೂತಿ ಬೀಳುವ ಜಾಗ ಯಾವುದು? ಕತ್ತು, ತೋಳಿನ ತುದಿ, ಎದೆಯ ಸೀಳು, ಕೆಳ ಅಂಚು. ಅಂದರೆ ಬಟ್ಟೆ ಮುಗಿದು ಮೈ ಶುರುವಾಗುವ ಜಾಗಗಳು. ಕೆಟ್ಟದ್ದು ಒಳಗೆ ಬರುವುದು ಆ ಬಾಗಿಲುಗಳಿಂದಲೇ, ಅಲ್ಲಿ ಕಸೂತಿ ಇದ್ದರೆ ಕಾಪಾಡುತ್ತದೆ ಎಂಬ ನಂಬಿಕೆ ಇತ್ತು. ಬೇಗ ಸವೆಯುವುದು ಅಂಚುಗಳೇ, ಕಸೂತಿ ಅವನ್ನು ಗಟ್ಟಿ ಮಾಡುತ್ತದೆ ಎಂಬುದೂ ಅಷ್ಟೇ ನಿಜ.

ಅಗಸೆ, ಸೆಣಬು, ಮತ್ತು ಒಂದು ವರ್ಷದ ದುಡಿಮೆ

ಅಲ್ಲಿ ಹತ್ತಿ ಬೆಳೆಯುವ ರೂಢಿ ಇರಲಿಲ್ಲ. ಬಟ್ಟೆ ಬರುತ್ತಿದ್ದದ್ದು ಅಗಸೆ ಗಿಡದ ನಾರಿನಿಂದ ಮತ್ತು ಸೆಣಬಿನ ಜಾತಿಯ ಗಿಡದ ನಾರಿನಿಂದ. ಗಿಡ ಕಿತ್ತು ನೀರಿನಲ್ಲಿ ಕೊಳೆಹಾಕಬೇಕು. ಒಣಗಿಸಿ ಬಡಿದು ತೊಗಟೆ ಬಿಡಿಸಬೇಕು. ಬಾಚಬೇಕು. ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ ನೂಲಬೇಕು. ವಸಂತ ಬರುವ ಹೊತ್ತಿಗೆ ನೇಯ್ದು, ಬೂದಿ ನೀರಿನಲ್ಲಿ ಕುದಿಸಿ, ಹುಲ್ಲಿನ ಮೇಲೆ ಹಾಸಿ, ಬಿಸಿಲಿಗೆ ಬಿಳಿ ಮಾಡಬೇಕು. ಇದರಲ್ಲಿ ಬಹುಪಾಲು ಕೆಲಸ ಹೆಂಗಸರದ್ದು.

ಹೀಗಾಗಿ ಒಂದು ಅಂಗಿ ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಆಚಾರಗಳು ಬೇಗ ಅರ್ಥವಾಗುತ್ತವೆ. ಹುಡುಗಿ ಚಿಕ್ಕಂದಿನಿಂದಲೇ ತನ್ನ ಮದುವೆಯ ಪೆಟ್ಟಿಗೆಗೆ ಅಂಗಿಗಳನ್ನೂ ಕಸೂತಿಯ ಉದ್ದ ವಸ್ತ್ರಗಳನ್ನೂ ಕೂಡಿಡುತ್ತಿದ್ದಳು. ಆ ಉದ್ದ ವಸ್ತ್ರದ ಹೆಸರು ರುಶ್ನಿಕ್. ಮದುವೆಯಲ್ಲಿ ವಧು-ವರರು ಅದರ ಮೇಲೆ ನಿಲ್ಲುತ್ತಾರೆ. ಮನೆಯ ದೇವರ ಪಟಕ್ಕೆ ಅದನ್ನೇ ಇಳಿಬಿಡುತ್ತಾರೆ. ಮದುವೆಯ ದಿನ ಗಂಡು ಹಾಕುವ ಅಂಗಿಗೆ ಹೆಣ್ಣೇ ಕಸೂತಿ ಹಾಕಿರಬೇಕು. ವಯಸ್ಸಾದವರು ತಮ್ಮ ಕೊನೆಯ ದಿನಕ್ಕೆ ಅಂತ ಒಂದು ಅಂಗಿಯನ್ನು ಮಡಚಿ ಬೇರೆಯಾಗಿ ಇಟ್ಟಿರುತ್ತಿದ್ದರು.

ಅಂಗಿಯ ಮೇಲೆ ಏನು?

ಮಧ್ಯ ಉಕ್ರೇನ್‌ನಲ್ಲಿ, ಅಂದರೆ ಕೀವ್ ಮತ್ತು ಪೊಲ್ತಾವಾ ಸುತ್ತಮುತ್ತ, ಹೆಂಗಸರು ಹಬ್ಬಕ್ಕೆ ಪ್ಲಾಖ್ತಾ ಸುತ್ತುತ್ತಿದ್ದರು. ಇದು ಉಣ್ಣೆಯ ದಪ್ಪ ಬಟ್ಟೆ. ಚೌಕುಳಿ ಚೌಕುಳಿ ವಿನ್ಯಾಸ, ಗಾಢ ಬಣ್ಣ. ಸೊಂಟಕ್ಕೆ ಹಿಂದಿನಿಂದ ಸುತ್ತಿ, ನೇಯ್ದ ಪಟ್ಟಿಯಿಂದ ಬಿಗಿದು, ಮುಂದುಗಡೆ ಝಪಾಸ್ಕಾ ಎಂಬ ಇನ್ನೊಂದು ಬಟ್ಟೆ ಕಟ್ಟಬೇಕು. ಅಂಗಿಯ ಕೆಳ ಅಂಚಿನ ಕಸೂತಿ ಇದರ ಕೆಳಗೆ ಕಾಣುವ ಹಾಗೆ ಅಳತೆ ಇರುತ್ತಿತ್ತು. ದಿನದ ಕೆಲಸಕ್ಕೆ ಬಣ್ಣವಿಲ್ಲದ ಒರಟು ಉಣ್ಣೆಬಟ್ಟೆಯೇ ಸಾಕು.

ಮೇಲೆ ತೋಳಿಲ್ಲದ ಜಾಕೆಟ್. ಚಳಿ ಜಾಸ್ತಿಯಾದರೆ ಸ್ವಿತಾ ಎಂಬ ಉಣ್ಣೆಯ ನಿಲುವಂಗಿ, ಅದೂ ಸಾಲದಿದ್ದರೆ ಕೊಝುಖ್ ಎಂಬ ಕುರಿಚರ್ಮದ ಕೋಟು. 1890ರ ದಶಕದಿಂದ ಲಕ್ಷಾಂತರ ಉಕ್ರೇನಿಯನ್ನರು ಕೆನಡಾಕ್ಕೆ ವಲಸೆ ಹೋದರು. ಅವರನ್ನು ಕರೆಸಿಕೊಂಡ ಸಚಿವ ಕ್ಲಿಫರ್ಡ್ ಸಿಫ್ಟನ್ 1922ರಲ್ಲಿ ಅವರನ್ನು ನೆನೆದದ್ದೂ ಕುರಿಚರ್ಮದ ಕೋಟಿನ ಗಟ್ಟಿ ರೈತರು ಎಂದೇ.

ಗಂಡಸರ ಅಂಗಿಯ ಸೀಳು ಎದೆಯ ಸರಿಯಾಗಿ ನಡುವಿಗೆ ಇರುತ್ತದೆ. ರಷ್ಯಾದ ಜನಪದ ಅಂಗಿಯಲ್ಲಿ ಅದು ಪಕ್ಕಕ್ಕೆ ಇರುತ್ತದೆ. ಫೋಟೋದಲ್ಲಿ ಎರಡನ್ನೂ ಬೇರೆ ಮಾಡಲು ಇದು ಸುಲಭದ ಗುರುತು. ಕೊಸಾಕ್ ಯೋಧರ ನಾಡಾದ ಮಧ್ಯ ಉಕ್ರೇನ್‌ನಲ್ಲಿ ಅಂಗಿಯನ್ನು ಶರೊವಾರಿ ಎಂಬ ಬಲು ಅಗಲದ ಷರಾಯಿಯೊಳಗೆ ಸೇರಿಸುತ್ತಿದ್ದರು. ಈ ಷರಾಯಿ ತುರ್ಕರ, ತಾತಾರರ ಕಡೆಯಿಂದ ಬಂದದ್ದು. ಪಶ್ಚಿಮದ ಬೆಟ್ಟಗಳಲ್ಲಿ ಅಂಗಿಯನ್ನು ಹೊರಗೇ ಬಿಟ್ಟು ಬೆಲ್ಟ್ ಬಿಗಿಯುತ್ತಿದ್ದರು.

ಕತ್ತಿಗೆ ಹವಳದ ಸರ. ಹವಳ ಮೆಡಿಟರೇನಿಯನ್ ಸಮುದ್ರದಿಂದ ಬರಬೇಕಿತ್ತು, ಹಾಗಾಗಿ ತುಂಬಾ ದುಬಾರಿ. ಸರದ ನಡುವೆ ದುಕಾಚ್ ಎಂಬ ನಾಣ್ಯದ ಪದಕ ತೂಗುತ್ತಿತ್ತು. ಎಷ್ಟು ಸರ, ಎಷ್ಟು ದಪ್ಪ ಮಣಿ ಎಂದು ನೋಡಿದರೆ ಮನೆಯ ಅನುಕೂಲ ಗೊತ್ತಾಗುತ್ತಿತ್ತು. ಕಾಲಿಗೆ, ಇದ್ದವರಿಗೆ ಕೆಂಪು ಚರ್ಮದ ಬೂಟು. ಇಲ್ಲದವರಿಗೆ ಚರ್ಮವನ್ನು ಮಡಚಿ ಕಟ್ಟಿದ ಪಾದರಕ್ಷೆ, ಅಥವಾ ಮರದ ನಾರಿನ ಹೆಣೆದ ಚಪ್ಪಲಿ, ಅಥವಾ ಬರಿಗಾಲು. ಇವತ್ತು ವೇದಿಕೆಯ ಮೇಲೆ ಎಲ್ಲರ ಕಾಲಲ್ಲೂ ಕೆಂಪು ಬೂಟು ಇರುತ್ತದೆ. ಹಳ್ಳಿಯ ಬದುಕು ಹಾಗೆ ಇರಲಿಲ್ಲ.

ತಲೆ ನೋಡಿದರೆ ಗೊತ್ತಾಗುತ್ತಿತ್ತು

ಮದುವೆಯಾಗದ ಹುಡುಗಿ ಕೂದಲು ತೋರಿಸಬಹುದು. ಜಡೆ, ಅದರ ಮೇಲೆ ವಿನೋಕ್ ಎಂಬ ಹೂವಿನ ಕಿರೀಟ, ಹಿಂದೆ ಇಳಿಬಿಟ್ಟ ರಿಬ್ಬನ್‌ಗಳು. ಮದುವೆಯಾದ ಮೇಲೆ ಕೂದಲು ಪೂರ್ತಿ ಮುಚ್ಚಬೇಕು.

ಈ ಬದಲಾವಣೆ ಮದುವೆಯ ಬಹಳ ಭಾರವಾದ ಘಳಿಗೆ. ಹಾಡು ಹೇಳುತ್ತಾ ವಧುವಿನ ಜಡೆ ಬಿಚ್ಚುತ್ತಾರೆ. ಕೂದಲನ್ನು ಒಚಿಪೊಕ್ ಎಂಬ ಟೋಪಿಯೊಳಗೆ ಸೇರಿಸುತ್ತಾರೆ. ಅದರ ಮೇಲೆ ನಮಿತ್ಕಾ ಸುತ್ತುತ್ತಾರೆ. ನಮಿತ್ಕಾ ಎಂದರೆ ಮೀಟರುಗಟ್ಟಲೆ ಉದ್ದದ ತೆಳು ಬಿಳಿ ಬಟ್ಟೆ. ಸುತ್ತುವ ಬಗೆ ಊರಿಂದ ಊರಿಗೆ ಬೇರೆ. ಅಂದಿನಿಂದ ಹೊರಗಿನವರ ಎದುರು ತಲೆ ತೆರೆದು ಬರುವುದು ಅವಳಿಗೆ ದೊಡ್ಡ ಅವಮಾನ. 19ನೇ ಶತಮಾನ ಮುಗಿಯುವ ಹೊತ್ತಿಗೆ ಬಹಳ ಕಡೆ ನಮಿತ್ಕಾದ ಜಾಗಕ್ಕೆ ಕಾರ್ಖಾನೆಯ ಹೂವಿನ ಸ್ಕಾರ್ಫ್ ಬಂತು. ಉತ್ತರದ ಕಾಡು ಸೀಮೆ ಪೊಲಿಸ್ಸಿಯಾದಲ್ಲಿ ಮಾತ್ರ ಅದು 20ನೇ ಶತಮಾನದವರೆಗೂ ಉಳಿಯಿತು.

ಈಗ ಫೋಟೋಗಳಲ್ಲಿ ವಯಸ್ಸಾದ ಹೆಂಗಸರೂ, ಮಕ್ಕಳ ತಾಯಂದಿರೂ ಹೂವಿನ ಕಿರೀಟ ಹಾಕಿರುತ್ತಾರೆ. ಅದು ಇಂದಿನ ರೂಢಿ. ನೂರೈವತ್ತು ವರ್ಷದ ಹಿಂದೆ ಯಾರೂ ಒಪ್ಪುತ್ತಿರಲಿಲ್ಲ.

ಒಂದೊಂದು ಸೀಮೆಗೆ ಒಂದೊಂದು ಕೈ

ಮೊದಲನೇ ಮಹಾಯುದ್ಧದ ತನಕ ಇಂದಿನ ಉಕ್ರೇನ್ ಎರಡು ಸಾಮ್ರಾಜ್ಯಗಳಲ್ಲಿ ಹಂಚಿಹೋಗಿತ್ತು. ದೊಡ್ಡ ಪಾಲು ರಷ್ಯಾದ ಕೈಯಲ್ಲಿ, ಪಶ್ಚಿಮದ ಭಾಗ ಆಸ್ಟ್ರಿಯಾದ ಕೈಯಲ್ಲಿ. ಬೆಟ್ಟ, ಬಯಲು, ಕಾಡು ಬೇರೆ ಬೇರೆ. ಒಂದೇ ಉಡುಪು ಇರಲು ಸಾಧ್ಯವೇ ಇರಲಿಲ್ಲ. ಕಸೂತಿ ನೋಡಿ ಸೀಮೆ ಹೇಳುವವರು ಈಗಲೂ ಇದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೊಲ್ತಾವಾ ಕಡೆಯದು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ. ದೂರದಿಂದ ನೋಡಿದರೆ ಏನೂ ಇಲ್ಲ. ಹತ್ತಿರ ಹೋದರೆ ಬೆಳಕು ಬಿದ್ದ ಕಡೆ ಹೂ, ಎಲೆ, ಕೋನಗಳು ಎದ್ದು ಬರುತ್ತವೆ. ಬಣ್ಣದ ಸಹಾಯ ಇಲ್ಲದ ಕಾರಣ ಕೆಲಸವೆಲ್ಲ ದಾರದ ದಿಕ್ಕಿನಲ್ಲಿದೆ. ಒಂದು ಎಲೆಯ ಹೊಲಿಗೆ ಅಡ್ಡ, ಪಕ್ಕದ ಎಲೆಯದು ಉದ್ದ. ಬೆಳಕು ಎರಡರ ಮೇಲೂ ಬೇರೆ ಬೇರೆ ಥರ ಹೊಳೆಯುತ್ತದೆ. ನಡುನಡುವೆ ಬಟ್ಟೆಯ ಎಳೆಗಳನ್ನೇ ಎಣಿಸಿ ಕಿತ್ತು, ಉಳಿದ ಎಳೆಗಳನ್ನು ಕಟ್ಟಿ ಜಾಲರಿ ಮಾಡುತ್ತಾರೆ. ಈ ಕೆಲಸಕ್ಕೆ ಹೆಸರಾದ ಊರು ರೆಶೆತಿಲಿವ್ಕಾ.

ಪಶ್ಚಿಮದ ತೆರ್ನೊಪಿಲ್ ಸೀಮೆಯ ಬೊರ್ಶ್ಚಿವ್ ಅಂಗಿಗಳು ಇದಕ್ಕೆ ತದ್ವಿರುದ್ಧ. ತೋಳಿನ ಮೇಲೆ ಕಪ್ಪು ಉಣ್ಣೆ ದಾರದ ದಟ್ಟ ಕಸೂತಿ. ಕೆಳಗಿನ ಬಟ್ಟೆ ಕಾಣುವುದೇ ಕಷ್ಟ. ಇದಕ್ಕೊಂದು ಕಥೆ ಇದೆ. ಹಿಂದೊಮ್ಮೆ ದಾಳಿಕೋರರು ಊರಿನ ಗಂಡಸರನ್ನೆಲ್ಲ ಕೊಂದರು, ಉಳಿದ ಹೆಂಗಸರು ತಲೆಮಾರುಗಳ ಕಾಲ ಶೋಕಕ್ಕೆ ಕಪ್ಪು ಉಡಲು ಶಪಥ ಮಾಡಿದರು ಎಂದು. ಇದು ಬಾಯಿಂದ ಬಾಯಿಗೆ ಬಂದ ಕಥೆ, ದಾಖಲೆಯಲ್ಲ. ಆದರೂ ಆ ಅಂಗಿಯ ಎದುರು ನಿಂತಾಗ ಕಥೆ ಯಾಕೆ ಹುಟ್ಟಿತು ಎಂಬುದು ಅರ್ಥವಾಗುತ್ತದೆ.

ಕಾರ್ಪಾಥಿಯನ್ ಬೆಟ್ಟಗಳ ಹುತ್ಸುಲ್ ಜನರದ್ದು ಬಣ್ಣದ ಹಬ್ಬ. ಕೊಸ್ಮಾಚ್ ಊರಿನ ಕಸೂತಿಯಲ್ಲಿ ಕಿತ್ತಳೆ, ಹಳದಿ, ಕೆಂಪು ಒಟ್ಟಿಗೆ ಉರಿಯುತ್ತವೆ. ಮೇಲೆ ಕೆಪ್ತಾರ್ ಎಂಬ ಕುರಿಚರ್ಮದ ತೋಳಿಲ್ಲದ ಕೋಟು, ಅದಕ್ಕೂ ಚರ್ಮ ಮತ್ತು ಉಣ್ಣೆಯ ಅಲಂಕಾರ. ಗಂಡಸರ ಸೊಂಟಕ್ಕೆ ಅಂಗೈಗಿಂತ ಅಗಲದ ಚರ್ಮದ ಬೆಲ್ಟ್, ಕೈಯಲ್ಲಿ ಉದ್ದ ಹಿಡಿಯ ಪುಟ್ಟ ಕೊಡಲಿ. ಹೆಂಗಸರು ಮುಂದೊಂದು ಹಿಂದೊಂದು ಝಪಾಸ್ಕಾ ಕಟ್ಟುತ್ತಾರೆ. ಕತ್ತಿಗೆ ಹಿತ್ತಾಳೆಯ ಶಿಲುಬೆಗಳ ಸರ.

ರೊಮೇನಿಯಾ ಗಡಿಯ ಬುಕೊವಿನಾದಲ್ಲಿ ತೋಳಿನ ಮೇಲೆ ಗಾಜಿನ ಮಣಿ ಮಿನುಗುತ್ತದೆ. ಇಲ್ಲಿನ ಅಂಗಿಗೂ ಗಡಿಯಾಚೆಯ ಅಂಗಿಗೂ ಹತ್ತಿರದ ನಂಟು. ಹೆಗಲ ಕಸೂತಿಯ ರವಿಕೆಯನ್ನು ರೊಮೇನಿಯಾ ಮತ್ತು ಮಾಲ್ಡೋವಾ ಹೆಸರಿನಲ್ಲಿ ಯುನೆಸ್ಕೋ 2022ರಲ್ಲಿ ಪಾರಂಪರಿಕ ಪಟ್ಟಿಗೆ ಸೇರಿಸಿತು. ಹಾಗೆಯೇ ಕ್ರೈಮಿಯಾದ ತಾತಾರರ ಉಡುಪು, ವಿನ್ಯಾಸ ಪೂರ್ತಿ ಬೇರೆಯ ಪರಂಪರೆ. ಅವರ ಓರ್ನೆಕ್ ವಿನ್ಯಾಸ 2021ರಲ್ಲಿ ಉಕ್ರೇನ್‌ನ ಪರವಾಗಿ ಅದೇ ಪಟ್ಟಿಗೆ ಸೇರಿತು.

ಹಾಗಾದರೆ ಕೆಂಪು-ಕಪ್ಪು ಎಲ್ಲಿಂದ ಬಂತು?

ಇಡೀ ಕಥೆಯಲ್ಲಿ ಬಹಳ ಜನ ನಂಬದ ಭಾಗ ಇದು. ಈಗ ಉಕ್ರೇನ್‌ನ ಗುರುತೇ ಆಗಿರುವ ಕೆಂಪು-ಕಪ್ಪು ಗುಲಾಬಿಗಳ ಕಸೂತಿಗೆ ಬಹಳ ವಯಸ್ಸಾಗಿಲ್ಲ. ಅದು ಹಳ್ಳಿಗಳಿಗೆ ಹರಡಿದ್ದು 19ನೇ ಶತಮಾನದ ಕೊನೆಯಲ್ಲಿ. ಹರಡಲು ಒಂದು ಕಾರಣ ಸೋಪು.

ಧಾರವಾಡದ ಕಸೂತಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ನಮ್ಮ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತಾರೆ, ಅಲ್ವಾ? ಉಕ್ರೇನ್‌ನ ಹಳೆಯ ಕಸೂತಿಯೂ ಎಣಿಕೆಯದ್ದೇ. ಎಣಿಸಿ ಹೊಲಿದಾಗ ಕೋನ, ಚೌಕ, ನಕ್ಷತ್ರದಂಥ ಆಕಾರಗಳು ತಾವಾಗೇ ಬರುತ್ತವೆ. ನಮ್ಮ ಮೆಂತೆ ಹೊಲಿಗೆಯ ಹಾಗೆ ಅಡ್ಡಡ್ಡ ದಾಟುವ ಹೊಲಿಗೆ ಅಲ್ಲೂ ಇತ್ತು. ಆದರೆ ಅದು ಹತ್ತಾರು ಬಗೆಗಳಲ್ಲಿ ಒಂದಾಗಿತ್ತು.

1864ರಲ್ಲಿ ಆನ್ರಿ ಬ್ರೊಕಾರ್ ಎಂಬ ಫ್ರೆಂಚ್ ಮೂಲದ ವ್ಯಾಪಾರಿ ಮಾಸ್ಕೋದಲ್ಲಿ ಸೋಪಿನ ಕಾರ್ಖಾನೆ ತೆರೆದ. ಹಳ್ಳಿಯವರೂ ಕೊಳ್ಳಲಿ ಎಂದು ಸೋಪಿನ ಜೊತೆ ಕಸೂತಿ ನಕ್ಷೆಗಳನ್ನು ಅಚ್ಚು ಹಾಕಿ ಹಂಚತೊಡಗಿದರು. ಗುಲಾಬಿ, ದ್ರಾಕ್ಷಿ ಗೊಂಚಲು, ಹಕ್ಕಿ. ಎಲ್ಲವೂ ಚೌಕುಳಿ ಹಾಳೆಯ ಮೇಲೆ, ಅಡ್ಡಹೊಲಿಗೆಗೆ ಹೊಂದುವಂತೆ. ಅದೇ ಹೊತ್ತಿಗೆ ರಾಸಾಯನಿಕ ಬಣ್ಣದ ಕೆಂಪು, ಕಪ್ಪು ಹತ್ತಿ ದಾರ ಅಂಗಡಿಯಲ್ಲಿ ಅಗ್ಗಕ್ಕೆ ಸಿಗತೊಡಗಿತು. ಮೊದಲಾದರೆ ಮರದ ತೊಗಟೆ, ಈರುಳ್ಳಿ ಸಿಪ್ಪೆ, ಕೆಂಪು ಕೊಡುವ ಕೀಟ ಇವನ್ನೆಲ್ಲ ಕೂಡಿಸಿ ಬಣ್ಣ ಮಾಡಬೇಕಿತ್ತು. ಈಗ ನಕ್ಷೆ ಬಿಟ್ಟಿ, ದಾರ ಅಗ್ಗ, ಹೊಲಿಗೆ ಸುಲಭ. ಕೆಲವೇ ದಶಕಗಳಲ್ಲಿ ದೊಡ್ಡ ಪ್ರದೇಶದಲ್ಲಿ ಹಳೆಯ ಬಿಳಿ ಕಸೂತಿ ಹಿಂದೆ ಸರಿಯಿತು.

ಹಾಗಂತ ಇದು ನಕಲಿ ಎನ್ನಲು ನಾನು ತಯಾರಿಲ್ಲ. ಹಳ್ಳಿಯ ಹೆಂಗಸರು ಹೊಸ ನಕ್ಷೆಯನ್ನು ಇಷ್ಟಪಟ್ಟರು, ತಮ್ಮ ಹಳೆಯದರ ಜೊತೆ ಬೆರೆಸಿದರು, ನಾಲ್ಕೈದು ತಲೆಮಾರು ಹೊಲಿದರು. ಅದು ಅವರದ್ದೇ ಆಯಿತು. ಆದರೆ ಸಾವಿರಾರು ವರ್ಷಗಳ ಪುರಾತನ ಚಿಹ್ನೆ ಎಂದು ಯಾರಾದರೂ ಆ ಗುಲಾಬಿ ತೋರಿಸಿದರೆ ಒಪ್ಪಬೇಕಿಲ್ಲ.

ಪ್ರತಿ ಚಿಹ್ನೆಗೂ ಅರ್ಥ ಇದೆಯಾ?

ಇಂಟರ್ನೆಟ್‌ನಲ್ಲಿ ಇಂಥ ಪಟ್ಟಿಗಳು ತುಂಬಾ ಓಡಾಡುತ್ತವೆ. ಈ ಹೂವಿಗೆ ಈ ಅರ್ಥ, ಕಿರೀಟದ ಈ ಬಣ್ಣದ ರಿಬ್ಬನ್‌ಗೆ ಆ ಅರ್ಥ ಎಂದು. ಇವುಗಳಲ್ಲಿ ಬಹಳಷ್ಟು ಇತ್ತೀಚೆಗೆ ಕಟ್ಟಿದ್ದು ಎಂದು ಜನಪದ ಉಡುಪಿನ ಸಂಶೋಧಕರು ಎಚ್ಚರಿಸುತ್ತಾರೆ. ಅಂಗಿ ಕಾಪಾಡುತ್ತದೆ ಎಂಬ ನಂಬಿಕೆ ಇತ್ತು, ಅದು ನಿಜ. ಮದುವೆಯ ವಸ್ತ್ರಕ್ಕೆ ಕವಲೊಡೆದ ಮರ, ಜೋಡಿ ಹಕ್ಕಿ ಬೇಕು ಎಂಬಂಥ ರೂಢಿಗಳೂ ಇದ್ದವು. ಆದರೆ ನಿಘಂಟಿನಂತೆ ಓದಬಹುದಾದ ಗುಪ್ತ ಲಿಪಿ ಎಂಬುದಕ್ಕೆ ಆಧಾರ ಸಾಲದು. ಪಕ್ಕದ ಮನೆಯವಳ ತೋಳಿನ ಮೇಲೆ ಚೆಂದ ಕಂಡದ್ದನ್ನು ನೋಡಿ ಹೊಲಿದವರೂ ಇದ್ದರು. ಅದೂ ಪರಂಪರೆಯೇ.

ರೈತರ ಅಂಗಿ ರಾಜಕೀಯಕ್ಕೆ ಬಂದದ್ದು

1860ರ ದಶಕದಲ್ಲಿ ಕೀವ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ರೈತರಂತೆ ಉಡಲು ಶುರು ಮಾಡಿದರು. ಇವರಲ್ಲಿ ಜಮೀನ್ದಾರರ ಮಕ್ಕಳೂ ಇದ್ದರು. ನಾವು ಈ ಜನರ ಜೊತೆ ಎಂದು ಹೇಳುವ ದಾರಿ ಅದು. ರಷ್ಯಾದ ಸರ್ಕಾರ ಅವರನ್ನು ಅನುಮಾನದಿಂದ ನೋಡಿತು. 1876ರಲ್ಲಿ ರಷ್ಯಾದ ಚಕ್ರವರ್ತಿ ಉಕ್ರೇನಿಯನ್ ಭಾಷೆಯ ಪುಸ್ತಕ ಮುದ್ರಣವನ್ನೇ ಬಹುತೇಕ ನಿಷೇಧಿಸಿದ. ಅದೇ ವರ್ಷ ಓಲೆನಾ ಪ್ಚಿಲ್ಕಾ ಎಂಬ ಲೇಖಕಿ ಜನಪದ ಕಸೂತಿ, ನೇಯ್ಗೆಯ ವಿನ್ಯಾಸಗಳನ್ನು ಹಳ್ಳಿಗಳಿಂದ ಕೂಡಿಸಿ ಕೀವ್‌ನಲ್ಲಿ ಪುಸ್ತಕವಾಗಿ ತಂದಳು. ಆಸ್ಟ್ರಿಯಾದ ಕೈಯಲ್ಲಿದ್ದ ಲ್ವಿವ್‌ನಲ್ಲಿ ಕವಿ ಇವಾನ್ ಫ್ರಾಂಕೊ ಪೇಟೆಯ ಕೋಟಿನ ಒಳಗೆ ಕಸೂತಿ ಅಂಗಿ ಹಾಕಿಕೊಂಡು ಓಡಾಡಿದ. ಹಳ್ಳಿಯ ಅಂಗಿ ಓದಿದವರ ಅಂಗಿಯೂ ಆದದ್ದು ಹೀಗೆ.

ಸೋವಿಯತ್ ಕಾಲದಲ್ಲಿ ಇದಕ್ಕೆ ಎರಡು ಮುಖ ಬಂದವು. 1932-33ರ ಭೀಕರ ಬರದಲ್ಲಿ ಲಕ್ಷಾಂತರ ಉಕ್ರೇನಿಯನ್ನರು ಹಸಿವಿನಿಂದ ಸತ್ತರು. ಆ ಬರ ಮಳೆ ತಪ್ಪಿ ಬಂದದ್ದಲ್ಲ. ಸ್ಟಾಲಿನ್ ಸರ್ಕಾರ ಧಾನ್ಯವನ್ನು ಬಲವಂತವಾಗಿ ಎತ್ತಿಕೊಂಡು ಹೋದ್ದರಿಂದ ಬಂದದ್ದು. ಬದುಕಿ ಉಳಿದವರು ಪೆಟ್ಟಿಗೆಯ ಅಂಗಿ, ರುಶ್ನಿಕ್, ಹವಳ ಕೊಟ್ಟು ಹಿಟ್ಟು ತಂದದ್ದನ್ನು ನೆನೆದಿದ್ದಾರೆ. ಚಿನ್ನ, ಬೆಳ್ಳಿ ಸರ್ಕಾರಿ ತೋರ್ಗ್‌ಸಿನ್ ಅಂಗಡಿಗಳಿಗೆ ಹೋಯಿತು. ತಾಯಿಯಿಂದ ಮಗಳಿಗೆ ಬರಬೇಕಿದ್ದ ಪೆಟ್ಟಿಗೆಗಳು ಹೀಗೆ ಖಾಲಿಯಾದವು.

ಇನ್ನೊಂದು ಕಡೆ ಅದೇ ಸರ್ಕಾರ ಉಡುಪನ್ನು ವೇದಿಕೆಗೆ ಏರಿಸಿತು. ನೃತ್ಯ ತಂಡಗಳಿಗೆ ಒಂದೇ ಥರದ ಹೊಳೆಯುವ ಬಟ್ಟೆ, ಕೆಂಪು ಶರೊವಾರಿ, ಕೆಂಪು ಬೂಟು, ರಿಬ್ಬನ್. ಸೀಮೆಗಳ ವ್ಯತ್ಯಾಸ ಅಳಿಸಿಹೋಗಿ ಒಂದು ಉಕ್ರೇನಿಯನ್ ಉಡುಪು ಎಂಬ ಚಿತ್ರ ತಯಾರಾಯಿತು. ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಕಸೂತಿ ಅಂಗಿಯಲ್ಲಿ ನಗುತ್ತಾ ಫೋಟೋ ತೆಗೆಸಿಕೊಂಡ. ಆದರೆ 1960ರ ದಶಕದಲ್ಲಿ ಭಾಷೆ, ಹಕ್ಕು ಕೇಳಿದ ಯುವ ಬರಹಗಾರರು ಅದೇ ಅಂಗಿ ಹಾಕಿದಾಗ ಪೊಲೀಸರು ಬೇರೆ ಕಣ್ಣಿಂದ ನೋಡಿದರು. 1972ರ ಜನವರಿಯಲ್ಲಿ ಇವರಲ್ಲಿ ಅನೇಕರು ಜೈಲಿಗೆ ಹೋದರು. ಜವಳಿ ಕಲಾವಿದೆ ಸ್ತೆಫಾನಿಯಾ ಶಬಾತುರಾ ಅವರಲ್ಲಿ ಒಬ್ಬರು. ಕವಯಿತ್ರಿ ಇರಿನಾ ಸೆನಿಕ್ ಸೆರೆ ಶಿಬಿರದಲ್ಲೂ ಕಸೂತಿ ಬಿಡಲಿಲ್ಲ.

ಅದೇ ದಿನಗಳಲ್ಲಿ ಕೀವ್‌ನ ಶಿಲ್ಪಿ ಇವಾನ್ ಗೊಂಚಾರ್ ಹಳ್ಳಿ ಹಳ್ಳಿ ಸುತ್ತಿ ಅಂಗಿ, ರುಶ್ನಿಕ್, ಹಳೆಯ ಫೋಟೋ ಕೂಡಿಸಿ ತನ್ನ ಮನೆಯನ್ನೇ ಮ್ಯೂಸಿಯಂ ಮಾಡಿದ. ಅಧಿಕಾರಿಗಳ ಕಾಟ ತಪ್ಪಲಿಲ್ಲ. ಯಾವ ಸೀಮೆಯಲ್ಲಿ ಯಾರು ಏನು ಉಡುತ್ತಿದ್ದರು ಎಂಬುದನ್ನು ಫೋಟೋಗಳ ಸಮೇತ 18 ಸಂಪುಟಗಳಲ್ಲಿ ಜೋಡಿಸಿಟ್ಟ. 1993ರಲ್ಲಿ ಅವನು ತೀರಿಕೊಂಡ. ಅವನ ಹೆಸರಿನ ಮ್ಯೂಸಿಯಂ ಕೀವ್‌ನಲ್ಲಿ ಅದೇ ವರ್ಷ ಹುಟ್ಟಿತು. ವೇದಿಕೆಯ ಚಿತ್ರವನ್ನು ಪಕ್ಕಕ್ಕಿಟ್ಟು ನಿಜವಾದ ಉಡುಪನ್ನು ಹುಡುಕುವವರು ಮೊದಲು ಹೋಗುವ ಜಾಗಗಳಲ್ಲಿ ಅದೂ ಒಂದು.

ಈಗ

2006ರಲ್ಲಿ ಚೆರ್ನಿವ್ತ್ಸಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಲೆಸ್ಯಾ ವೊರೊನ್ಯುಕ್ ಒಂದು ಸಲಹೆ ಕೊಟ್ಟಳು. ಒಂದು ದಿನ ಎಲ್ಲರೂ ಕಸೂತಿ ಅಂಗಿ ಹಾಕಿ ತರಗತಿಗೆ ಬರೋಣ ಎಂದು. ಅದು ವಿಶಿವಾಂಕಾ ದಿನವಾಗಿ ಬೆಳೆಯಿತು. ಪ್ರತಿ ವರ್ಷ ಮೇ ತಿಂಗಳ ಮೂರನೇ ಗುರುವಾರ. ರಜೆಯ ದಿನ ಅಲ್ಲ, ಕೆಲಸದ ದಿನ. ಹಬ್ಬದ ಪೆಟ್ಟಿಗೆಯಿಂದ ಅಂಗಿ ಹೊರಬಂದು ಕಚೇರಿಗೆ, ಬಸ್ಸಿಗೆ, ಅಂಗಡಿಗೆ ಹೋಗಲಿ ಎಂಬುದು ಉದ್ದೇಶ. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ಕಿತ್ತುಕೊಂಡ ಮೇಲೆ ಈ ದಿನಕ್ಕೆ ತೂಕ ಬಂತು. 2022ರ ನಂತರ ಇನ್ನೂ ಜಾಸ್ತಿಯಾಯಿತು. ಸುಮಾರು 2015ರಿಂದ ವೀತಾ ಕಿನ್ ಎಂಬ ಕೀವ್‌ನ ವಿನ್ಯಾಸಗಾರ್ತಿಯ ಕಸೂತಿ ಉಡುಪುಗಳು ಯೂರೋಪ್, ಅಮೆರಿಕದ ಫ್ಯಾಷನ್ ಲೋಕದಲ್ಲೂ ಹೆಸರು ಮಾಡಿವೆ.

ಈಗ ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಅಂಗಿ ಮಷೀನಿನ ಕಸೂತಿಯದ್ದು. ದಿನಬಳಕೆಗೆ ಅದೇ ಸಾಕು. ಕೈಯಿಂದ ಮಾಡಿದ ಒಳ್ಳೆಯ ಅಂಗಿಗೆ ಈಗಲೂ ತಿಂಗಳುಗಳು ಬೇಕು, ಬೆಲೆಯೂ ಹಾಗೇ ಇರುತ್ತದೆ. ಎರಡರ ವ್ಯತ್ಯಾಸ ತಿಳಿಯಬೇಕಾದರೆ ಒಳಮಗ್ಗುಲು ತಿರುಗಿಸಿ ನೋಡಬೇಕು. ಮಷೀನಿನದ್ದಾದರೆ ಹಿಂದೆ ಒಂದೇ ಬಣ್ಣದ ಅಡಿದಾರ ದಟ್ಟವಾಗಿ ಕಾಣುತ್ತದೆ, ಅನೇಕ ಸಲ ಅಂಟಿಸಿದ ಕಾಗದದಂಥ ಪದರವೂ ಇರುತ್ತದೆ. ಕೈಯದ್ದಾದರೆ ಮುಂದಿನ ದಾರವೇ ಹಿಂದೆಯೂ ಸಾಗಿರುತ್ತದೆ. ಪಶ್ಚಿಮದ ಪೊದಿಲ್ಲಿಯಾ ಮತ್ತು ಹುತ್ಸುಲ್ ಸೀಮೆಯಲ್ಲಿ ನಿಜ್ ಎಂಬ ಹೊಲಿಗೆಯನ್ನು ಬಟ್ಟೆಯ ಹಿಂಬದಿಯಿಂದಲೇ ಹಾಕುತ್ತಾರೆ. ಹೊಲಿಯುವವಳಿಗೆ ಎದುರಿಗೆ ಕಾಣುವುದು ಚಿತ್ರದ ಉಲ್ಟಾ ರೂಪ. ಎಳೆ ಎಣಿಸುತ್ತಾ, ಮುಂಬದಿ ಹೇಗೆ ಬರುತ್ತಿದೆ ಎಂಬುದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸಾಗಬೇಕು.